ಪ್ಲಗ್ ಪಾಯಿಂಟ್‌ನಲ್ಲಿ ಕರೆಂಟ್ ಇಲ್ವಾ? ಸಾಕೆಟ್ ಬದಲಾಯಿಸುವ ಮೊದಲು ಹೀಗೆ ಹುಡುಕಿ

"ಅಡುಗೆಮನೆಯ ಒಂದು ಪ್ಲಗ್ ಮಾತ್ರ ಸತ್ತಿದೆ. ಹೊಸ ಸಾಕೆಟ್ ಹಾಕಿಸಿದ್ವಿ, ಆದರೂ ಬರ್ತಿಲ್ಲ." "ಗೀಸರ್ ಹಾಕಿ ಹತ್ತು ನಿಮಿಷಕ್ಕೆ ಇಡೀ ಮನೆ ಕತ್ತಲೆ." "ಟೆಸ್ಟರ್ ಇಟ್ಟರೆ ಉರಿಯುತ್ತೆ, ಮಿಕ್ಸಿ ಮಾತ್ರ ತಿರುಗಲ್ಲ." ಈ ಮೂರು ಪ್ರಶ್ನೆಗಳು ಬೇರೆ ಬೇರೆ ಮಾತಿನಲ್ಲಿ ನನಗೆ ಬರುತ್ತಲೇ ಇರುತ್ತವೆ. ಬೆಂಗಳೂರಿನಲ್ಲಿ ಮಳೆ ಹಿಡಿದರೆ ಇನ್ನೂ ಜಾಸ್ತಿ. ಹಾಗಾಗಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಲ್ಲಿಯಲ್ಲಿ ನೀರು ಬರಲಿಲ್ಲ ಅಂದರೆ ನೀವು ನಲ್ಲಿ ಬದಲಾಯಿಸುವುದಿಲ್ಲ. ಮೇಲಿನ ಟ್ಯಾಂಕ್ ನೋಡುತ್ತೀರಿ, ಆಮೇಲೆ ಸಂಪ್ ನೋಡುತ್ತೀರಿ. ಕರೆಂಟ್ ವಿಷಯದಲ್ಲಿ ಮಾತ್ರ ಯಾಕೋ ಎಲ್ಲರೂ ಮೊದಲು ಸಾಕೆಟ್ಟನ್ನೇ ಬಿಚ್ಚುತ್ತಾರೆ. ಬಿಚ್ಚುವ ಮೊದಲು ಎರಡು ಪ್ರಶ್ನೆಗೆ ಉತ್ತರ ಬೇಕು. ಕರೆಂಟ್ ಎಲ್ಲಿಯವರೆಗೆ ಬಂದು ನಿಂತಿದೆ? ಮೂರು ವೈರ್‌ಗಳಲ್ಲಿ ಯಾವುದು ಕೈ ಕೊಟ್ಟಿದೆ? ಈ ಎರಡಕ್ಕೂ ಸ್ಕ್ರೂಡ್ರೈವರ್ ಬೇಕಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ದೋಷ ಹುಡುಕುವ ಲೇಖನ, ವೈರಿಂಗ್ ಕಲಿಸುವ ಲೇಖನ ಅಲ್ಲ. ಡಿಬಿ ಬಾಕ್ಸ್ (ಮನೆಯ ಎಲ್ಲ ಲೈನ್‌ಗಳೂ ಹೊರಡುವ ಸ್ವಿಚ್‌ಗಳ ಡಬ್ಬಿ) ಒಳಗಿನ ಕೆಲಸ, ಹೊಸ ವೈರ್ ಎಳೆಯುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ದು. ಮೀಟರ್‌ವರೆಗಿನದು ಬೆಸ್ಕಾಂನದು. ಕೈ ಒದ್ದೆ ಇದ್ದರೆ, ನೆಲ ಒದ್ದೆ ಇದ್ದರೆ, ಗೋಡೆ ಜಿನುಗುತ್ತಿದ್ದರೆ ಇವತ್ತು ಮುಟ್ಟಲೇಬೇಡಿ.

ಬೇಕಾಗುವ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್, ಅಂದರೆ ವೋಲ್ಟೇಜ್ ಅಳೆಯುವ ಮೀಟರ್. ಎಸ್.ಪಿ. ರೋಡ್‌ನಲ್ಲಿ ಸಾಲುಸಾಲಾಗಿ ಸಿಗುತ್ತದೆ. ತೀರಾ ಅಗ್ಗದ್ದು ಬೇಡ. ಅದರ ಪ್ರೋಬ್, ಅಂದರೆ ಅಳೆಯುವ ಎರಡು ಕಡ್ಡಿ ಇರುತ್ತವಲ್ಲ, ಅವುಗಳ ಇನ್ಸುಲೇಶನ್ ಗಟ್ಟಿಯಾಗಿರಬೇಕು. ಜೊತೆಗೆ ಒಂದು ಟೆಸ್ಟರ್, ಟಾರ್ಚ್, ಪೆನ್ನು, ಕಾಗದ. ನಿಮಗೆ ಚೆನ್ನಾಗಿದೆ ಅಂತ ಗೊತ್ತಿರುವ ಒಂದು ಟೇಬಲ್ ಲ್ಯಾಂಪ್. ಒಂದು ಐರನ್ ಬಾಕ್ಸ್. ಅಷ್ಟೇ.

ಟೆಸ್ಟರ್ ಬಗ್ಗೆ ಎಚ್ಚರಿಕೆ ಇದೆ. ಅದರೊಳಗಿನ ಪುಟ್ಟ ನಿಯಾನ್ ದೀಪ ಉರಿಯುವುದು ನಿಮ್ಮ ಮೈ ಮೂಲಕ ಹರಿಯುವ ಚೂರೇ ಚೂರು ಕರೆಂಟಿನಿಂದ. ಒಣ ಮರದ ಸ್ಟೂಲ್ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತರೆ ಅದು ಮಂಕಾಗುತ್ತದೆ. ಬಿಸಿಲಲ್ಲಂತೂ ಕಾಣುವುದೇ ಇಲ್ಲ. ಉರಿದರೆ ಕರೆಂಟ್ ಇದೆ ಅನ್ನಬಹುದು. ಉರಿಯಲಿಲ್ಲ ಅಂದರೆ ಇಲ್ಲ ಅಂತ ನಂಬಿ ಕೈ ಹಾಕಬಾರದು.

ಮೂರು ವೈರ್, ಮೂರು ತೂತು

ಫೇಸ್ ಕರೆಂಟ್ ತರುವ ವೈರ್. ನ್ಯೂಟ್ರಲ್ ಅದನ್ನು ವಾಪಸ್ ಒಯ್ಯುವ ವೈರ್. ಎರಡೂ ಇದ್ದರೆ ಮಾತ್ರ ಸಾಮಾನು ಓಡುತ್ತದೆ. ಅರ್ತ್ ಕಾವಲು ಕಾಯುವ ವೈರ್. ಫ್ರಿಜ್‌ನದೋ ಗೀಸರ್‌ನದೋ ಲೋಹದ ಮೈಗೆ ಫೇಸ್ ತಗುಲಿದರೆ ಆ ಕರೆಂಟನ್ನು ನೆಲಕ್ಕೆ ಸಾಗಿಸುವುದು ಇದೇ.

ಸಾಕೆಟ್ ಎದುರಿಗೆ ನಿಂತು ನೋಡಿ. ಮೇಲಿನ ದಪ್ಪ ತೂತು ಅರ್ತ್. ನಿಮ್ಮ ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಬಣ್ಣದ ಲೆಕ್ಕದಲ್ಲಿ ಫೇಸ್ ಕೆಂಪು, ನ್ಯೂಟ್ರಲ್ ಕಪ್ಪು, ಅರ್ತ್ ಹಸಿರು. ಮೂರು ಫೇಸ್ ಇರುವ ಮನೆಯಲ್ಲಿ ಹಳದಿ, ನೀಲಿ ಕೂಡ ಫೇಸೇ. ಇದು ನಿಯಮ. ಹಳೆಯ ಮನೆಗಳಲ್ಲಿ ಕೈಗೆ ಸಿಕ್ಕ ಬಣ್ಣ ಎಳೆದಿರುತ್ತಾರೆ. ಕಪ್ಪು ವೈರ್‌ನಲ್ಲಿ ಫೇಸ್ ಸಿಕ್ಕಿದರೆ ಆಶ್ಚರ್ಯ ಪಡಬೇಡಿ, ಮುಟ್ಟಲೂಬೇಡಿ.

ಹಂತ 1: ತಪ್ಪು ಸಾಮಾನಿನದಾ, ಪ್ಲಗ್‌ನದಾ?

ಓಡದ ಮಿಕ್ಸಿಯನ್ನು ಬೇರೆ ರೂಮಿನ ಪ್ಲಗ್‌ಗೆ ಹಾಕಿ. ಚೆನ್ನಾಗಿರುವ ಟೇಬಲ್ ಲ್ಯಾಂಪನ್ನು ಸತ್ತ ಪ್ಲಗ್‌ಗೆ ಹಾಕಿ. ಸ್ವಿಚ್ಚನ್ನು ನಾಲ್ಕೈದು ಸಲ ಆನ್–ಆಫ್ ಮಾಡಿ. ಒಂದು ಸಲ ಬಂದು ಇನ್ನೊಂದು ಸಲ ಬರದಿದ್ದರೆ ಸ್ವಿಚ್‌ನದೇ ತಪ್ಪಿರಬಹುದು. ಒಳಗಿನ ತಗಡು ಸವೆದಿರುತ್ತದೆ. ಕೆಲವೊಮ್ಮೆ ಇರುವೆ ಗೂಡು ಕಟ್ಟಿರುತ್ತದೆ. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಹಂತ 2: ಕರೆಂಟ್ ಎಲ್ಲಿ ನಿಂತಿದೆ ಅಂತ ಬರೆದುಕೊಳ್ಳಿ

ನಮ್ಮ ಮನೆಗಳಲ್ಲಿ ಪ್ರತಿ ಪ್ಲಗ್‌ಗೂ ಡಿಬಿಯಿಂದ ಬೇರೆ ವೈರ್ ಬರುವುದಿಲ್ಲ. ಗೀಸರ್, ಎ.ಸಿ.ಗೆ ಬಿಟ್ಟರೆ ಉಳಿದವು ಸರಪಳಿ. ಒಂದು ಬೋರ್ಡ್‌ಗೆ ಬಂದ ವೈರ್ ಅಲ್ಲಿಂದ ಮುಂದಿನ ಬೋರ್ಡ್‌ಗೆ ಹೋಗುತ್ತದೆ. ಇದಕ್ಕೆ ಲೂಪಿಂಗ್ ಅನ್ನುತ್ತಾರೆ. ಈ ಒಂದು ಸಂಗತಿ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಟೇಬಲ್ ಲ್ಯಾಂಪ್ ಹಿಡಿದು ಇಡೀ ಮನೆ ಸುತ್ತಿ. ಪ್ರತಿ ಪ್ಲಗ್‌ಗೂ ಹಾಕಿ ನೋಡಿ, ಕಾಗದದ ಮೇಲೆ ಇದೆ, ಇಲ್ಲ ಅಂತ ಗುರುತು ಹಾಕಿ. ಆಮೇಲೆ ಡಿಬಿಯಲ್ಲಿ ಒಂದೊಂದೇ ಎಂಸಿಬಿ ಇಳಿಸಿ ಯಾವುದರಿಂದ ಯಾವ ಪ್ಲಗ್ ಆರುತ್ತದೆ ಅಂತ ಬರೆಯಿರಿ. ಎಂಸಿಬಿ ಅಂದರೆ ಹಳೆಯ ಫ್ಯೂಸ್‌ನ ಜಾಗಕ್ಕೆ ಬಂದಿರುವ, ತಾನೇ ಬಿದ್ದುಕೊಳ್ಳುವ ಸ್ವಿಚ್. ಹಳೆಯ ಮನೆಗಳಲ್ಲಿ ಇನ್ನೂ ಪಿಂಗಾಣಿ ಫ್ಯೂಸ್ ಇರುತ್ತದೆ.

ಈಗ ಕಾಗದ ನೋಡಿ. ಒಂದೇ ಎಂಸಿಬಿಗೆ ಸೇರಿದ ನಾಲ್ಕು ಪ್ಲಗ್‌ಗಳಲ್ಲಿ ಡಿಬಿಗೆ ಹತ್ತಿರದ ಎರಡು ಚೆನ್ನಾಗಿವೆ, ಮುಂದಿನ ಎರಡು ಸತ್ತಿವೆ ಅಂದುಕೊಳ್ಳಿ. ಆಗ ತಪ್ಪು ಎರಡನೆಯದರಲ್ಲಿ, ಮೂರನೆಯದರಲ್ಲಿ, ಇಲ್ಲವೇ ಅವೆರಡರ ನಡುವೆ ಇರುತ್ತದೆ. ಎಷ್ಟೋ ಸಲ ತಪ್ಪು ಕೂತಿರುವುದು *ಚೆನ್ನಾಗಿ ಓಡುತ್ತಿರುವ* ಬೋರ್ಡ್‌ನಲ್ಲಿ, ಮುಂದಕ್ಕೆ ಹೋಗುವ ವೈರ್ ಸಡಿಲವಾಗಿ. ಸತ್ತ ಸಾಕೆಟ್ ಬದಲಾಯಿಸಿದರೂ ಕರೆಂಟ್ ಬರದಿರುವುದು ಇದೇ ಕಾರಣಕ್ಕೆ.

ಎಲ್ಲ ಪ್ಲಗ್ಗೂ ಸತ್ತಿದ್ದರೆ ಪಕ್ಕದ ಮನೆ ನೋಡಿ. ಅಲ್ಲೂ ಇಲ್ಲದಿದ್ದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಮೂರು ಫೇಸ್ ಇರುವ ಮನೆಯಲ್ಲಿ ಒಂದು ರೂಮಿನ ದೀಪ ವಿಪರೀತ ಪ್ರಖರವಾಗಿ ಇನ್ನೊಂದು ರೂಮಿನದು ಮಂಕಾದರೆ ಇನ್ಯಾವ ಹಂತವೂ ಬೇಡ. ತಕ್ಷಣ ಮೈನ್ ಆಫ್ ಮಾಡಿ. ಅದು ಮೈನ್ ನ್ಯೂಟ್ರಲ್ ಕಿತ್ತುಹೋಗಿರುವ ಲಕ್ಷಣ. ಒಂದು ಫೇಸ್‌ನಲ್ಲಿ ವೋಲ್ಟೇಜ್ 300 ದಾಟಿ ಫ್ರಿಜ್, ಟಿವಿ ಎಲ್ಲ ಸುಟ್ಟುಹೋಗಬಹುದು.

ಹಂತ 3: ಬಿದ್ದಿರುವುದು ಯಾವುದು, ಎಷ್ಟು ಹೊತ್ತಿಗೆ ಬಿತ್ತು?

ಡಿಬಿಯಲ್ಲಿ ಎಂಸಿಬಿಗಳ ಜೊತೆ ಸ್ವಲ್ಪ ಅಗಲದ, ಒತ್ತುವ ಸಣ್ಣ ಟೆಸ್ಟ್ ಬಟನ್ ಇರುವ ಇನ್ನೊಂದು ಇರುತ್ತದೆ. ಅದು ಆರ್‌ಸಿಸಿಬಿ. ಹಳಬರು ಇಎಲ್‌ಸಿಬಿ ಅನ್ನುತ್ತಾರೆ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ಲೆಕ್ಕ ನೋಡುತ್ತಿರುತ್ತದೆ. ಮನೆಯವರ ಜೀವ ಕಾಯಲು ಹಾಕುವುದು 30 ಮಿಲಿಆಂಪ್‌ದು. ಅಷ್ಟು ಕರೆಂಟ್ ಬೇರೆ ದಾರಿ ಹಿಡಿಯುವಷ್ಟರಲ್ಲಿ ಬೀಳಬೇಕು.

ಎಂಸಿಬಿ ತಕ್ಷಣ ಠಪ್ ಅಂತ ಬಿದ್ದರೆ ಶಾರ್ಟ್, ಅಂದರೆ ಫೇಸ್ ನೇರವಾಗಿ ನ್ಯೂಟ್ರಲ್‌ಗೋ ಅರ್ತ್‌ಗೋ ತಗುಲಿದೆ. ಕೆಲವು ನಿಮಿಷ ಓಡಿ ಬಿದ್ದರೆ ಓವರ್‌ಲೋಡ್. ಲೆಕ್ಕ ಸುಲಭ: ವ್ಯಾಟನ್ನು 230ರಿಂದ ಭಾಗಿಸಿ. 2000 ವ್ಯಾಟ್ ಇಂಡಕ್ಷನ್ ಒಲೆ 8.7 ಆಂಪ್, 3000 ವ್ಯಾಟ್ ಗೀಸರ್ 13 ಆಂಪ್. ಎರಡೂ ಒಂದೇ 16 ಆಂಪ್ ಎಂಸಿಬಿಯಲ್ಲಿದ್ದರೆ ಬೀಳಲೇಬೇಕು. ಆಗ 32 ಆಂಪ್ ಎಂಸಿಬಿ ಹಾಕಿಕೊಡಿ ಅಂತ ಎಲೆಕ್ಟ್ರಿಷಿಯನ್‌ಗೆ ಹೇಳುವವರಿದ್ದಾರೆ. ದಯವಿಟ್ಟು ಹೇಳಬೇಡಿ. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು. ಕಾವಲುಗಾರ ದೊಡ್ಡವನಾದ ಮಾತ್ರಕ್ಕೆ ವೈರ್ ದಪ್ಪವಾಗುವುದಿಲ್ಲ.

ಬಿದ್ದಿರುವುದು ಆರ್‌ಸಿಸಿಬಿ ಆದರೆ ಕರೆಂಟ್ ಎಲ್ಲೋ ಸೋರುತ್ತಿದೆ. ಹೀಗೆ ಹುಡುಕಿ. ಎಲ್ಲ ಸಾಮಾನಿನ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ವಿಚ್ ಕಡಿಯುವುದು ಫೇಸನ್ನು ಮಾತ್ರ, ನ್ಯೂಟ್ರಲ್ ಹಾಗೇ ಇರುತ್ತದೆ. ಎಲ್ಲ ಎಂಸಿಬಿ ಇಳಿಸಿ ಆರ್‌ಸಿಸಿಬಿ ಎತ್ತಿ. ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತಿ. ಯಾವುದು ಎತ್ತಿದಾಗ ಬೀಳುತ್ತದೋ ಆ ಲೈನ್‌ನಲ್ಲಿ ಸೋರಿಕೆ. ಎಲ್ಲ ಎತ್ತಿದರೂ ನಿಂತರೆ ಸಾಮಾನುಗಳನ್ನು ಒಂದೊಂದಾಗಿ ಹಾಕಿ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಸಿಕ್ಕಿಬೀಳುವುದು ಗೀಸರ್‌ನ ಕಾಯಿಲ್. ಮಳೆ ಬಂದಾಗ ಮಾತ್ರ ಬೀಳುತ್ತದೆ ಅಂದರೆ ಬಾಲ್ಕನಿಯ ಪ್ಲಗ್, ಗೇಟಿನ ದೀಪ, ಸಂಪ್ ಮೋಟರ್ ನೋಡಿ.

ಎಲ್ಲ ಎಂಸಿಬಿ ಕೆಳಗಿದ್ದರೂ ಆರ್‌ಸಿಸಿಬಿ ನಿಲ್ಲದಿದ್ದರೆ ಅಥವಾ ಒಮ್ಮೆ ನಿಂತು ಒಮ್ಮೆ ಬಿದ್ದರೆ ಎಲ್ಲೋ ನ್ಯೂಟ್ರಲ್ಲೇ ಅರ್ತ್‌ಗೆ ತಗುಲಿರಬಹುದು. ಸಾಮಾನ್ಯ ಒಂಟಿ ಎಂಸಿಬಿ ನ್ಯೂಟ್ರಲ್ಲನ್ನು ಕಡಿಯುವುದಿಲ್ಲ ಅಲ್ವಾ, ಅದಕ್ಕೇ. ಡಿಬಿಯಲ್ಲಿ ನ್ಯೂಟ್ರಲ್ ವೈರ್‌ಗಳನ್ನು ಒಂದೊಂದೇ ಬಿಡಿಸಿ ನೋಡಬೇಕು. ಅದು ಎಲೆಕ್ಟ್ರಿಷಿಯನ್ ಕೆಲಸ.

ಪದೇ ಪದೇ ಬೀಳುತ್ತೆ ಅಂತ ಆರ್‌ಸಿಸಿಬಿಯನ್ನೇ ತೆಗೆಸಿ ನೇರ ಕೊಡಿಸಿಕೊಂಡವರನ್ನೂ ನೋಡಿದ್ದೇನೆ. ಏನು ಹೇಳೋಣ.

ಹಂತ 4: ಮೂರು ಅಳತೆ

ಮೀಟರ್‌ನ ಗುಂಡಿಯನ್ನು ಎ.ಸಿ. ವೋಲ್ಟ್‌ನ ದೊಡ್ಡ ರೇಂಜಿಗೆ, 600 ಅಥವಾ 750ಕ್ಕೆ ತಿರುಗಿಸಿ. ಕೆಂಪು ಪ್ರೋಬ್‌ನ ವೈರ್ ವೋಲ್ಟ್ ಗುರುತಿನ ತೂತಿನಲ್ಲೇ ಇದೆಯಾ ಅಂತ ಎರಡು ಸಲ ನೋಡಿ. 10 ಆಂಪ್ ಗುರುತಿನ ತೂತಿನಲ್ಲಿದ್ದು ಸಾಕೆಟ್‌ಗೆ ಚುಚ್ಚಿದರೆ ಮೀಟರ್ ಮೂಲಕವೇ ಶಾರ್ಟ್ ಆಗುತ್ತದೆ, ಕೈಯಲ್ಲೇ ಸಿಡಿಯಬಹುದು. ಬೀಪ್ ಅನ್ನುವ ಕಂಟಿನ್ಯುಯಿಟಿ ಸೆಟ್ಟಿಂಗ್ ಕರೆಂಟ್ ಇರುವ ಕಡೆ ಬಳಸುವಂತೆಯೇ ಇಲ್ಲ. ಮೊದಲು ಚೆನ್ನಾಗಿರುವ ಪ್ಲಗ್‌ನಲ್ಲಿ ಅಳೆದು 230ರ ಆಸುಪಾಸು ತೋರಿಸುತ್ತದೆ ಅಂತ ಖಾತ್ರಿ ಮಾಡಿಕೊಳ್ಳಿ.

ಹೊಸ ಸಾಕೆಟ್‌ಗಳಿಗೆ ಮಕ್ಕಳ ಬೆರಳಿಗಾಗಿ ಒಳಗೆ ಶಟರ್ ಇರುತ್ತದೆ, ಪ್ರೋಬ್ ಹೋಗುವುದಿಲ್ಲ. ಬಲವಂತ ಮಾಡಬೇಡಿ. ಶಟರ್ ಇಲ್ಲದ ಮೂರು ಪಿನ್ ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ ಅದರಲ್ಲಿ ಅಳೆಯಿರಿ. ಆ ಬೋರ್ಡ್ ಸರಿಯಾಗಿದೆಯಾ ಅಂತ ಮೊದಲು ಒಳ್ಳೆಯ ಪ್ಲಗ್‌ನಲ್ಲಿ ನೋಡಿಕೊಳ್ಳಿ. ಅಗ್ಗದ ಬೋರ್ಡ್‌ಗಳಲ್ಲಿ ಅರ್ತ್ ತೂತು ಇದ್ದು ಅರ್ತ್ ವೈರೇ ಇರುವುದಿಲ್ಲ.

ಬೆರಳು ಪ್ರೋಬ್‌ನ ತಡೆಯಿಂದ ಹಿಂದಿರಲಿ. ಸ್ವಿಚ್ ಆನ್ ಮಾಡಿ ಮೂರು ಸಲ ಅಳೆದು ಬರೆಯಿರಿ: ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್.

230, 230, ಸೊನ್ನೆಯಿಂದ ಎರಡು–ಮೂರು ವೋಲ್ಟ್: ಸರಿಯಾಗಿದೆ. ಮುಂದಿನ ಹಂತಕ್ಕೆ ಹೋಗಿ.

ಮೂರೂ ಸೊನ್ನೆ ಅಥವಾ ಅತ್ತಿತ್ತ ಕುಣಿಯುವ ಸಣ್ಣ ಅಂಕೆ: ಫೇಸ್ ಬರುತ್ತಿಲ್ಲ. ಸ್ವಿಚ್ ಕೆಟ್ಟಿದೆ ಅಥವಾ ಹಿಂದಿನ ಬೋರ್ಡ್‌ನಲ್ಲಿ ಫೇಸ್ ಬಿಟ್ಟಿದೆ.

ಫೇಸ್–ಅರ್ತ್ 230, ಫೇಸ್–ನ್ಯೂಟ್ರಲ್ ಇಲ್ಲ: ನ್ಯೂಟ್ರಲ್ ತುಂಡಾಗಿದೆ. ಟೆಸ್ಟರ್ ಉರಿದರೂ ಮಿಕ್ಸಿ ತಿರುಗದಿರುವ ಪ್ರಕರಣ ಇದು. ಎರಡೂ ತೂತಿನಲ್ಲಿ ಟೆಸ್ಟರ್ ಉರಿದರೆ "ಡಬಲ್ ಕರೆಂಟ್ ಬರ್ತಿದೆ" ಅನ್ನುತ್ತಾರೆ. ಡಬಲ್ ಏನೂ ಅಲ್ಲ. ನ್ಯೂಟ್ರಲ್ ತುಂಡಾದ ಜಾಗದಿಂದ ಮುಂದೆ ಎಲ್ಲೋ ಒಂದು ಫ್ಯಾನೋ ಟಿವಿಯೋ ಆನ್ ಇದೆ, ಅದರ ಮೂಲಕ ಬಂದ ಫೇಸ್ ವಾಪಸ್ ಹೋಗಲು ದಾರಿ ಸಿಗದೆ ನ್ಯೂಟ್ರಲ್ ವೈರ್‌ನಲ್ಲೇ ನಿಂತಿದೆ. ಆ ಕಪ್ಪು ವೈರ್ ಮುಟ್ಟಿದರೂ ಶಾಕ್ ಹೊಡೆಯುತ್ತದೆ.

ಫೇಸ್–ನ್ಯೂಟ್ರಲ್ 230, ಫೇಸ್–ಅರ್ತ್ 50, 80, 110 ಹೀಗೆ ಏನೋ ಒಂದು: ಅರ್ತ್ ಇಲ್ಲ. ಆ ಅಂಕೆ ಪಕ್ಕದ ವೈರ್‌ಗಳಿಂದ ಸುಮ್ನೆ ಕಾಣುವ ನೆರಳು.

ಫೇಸ್–ನ್ಯೂಟ್ರಲ್ 230, ಎಡದ ತೂತು ಮತ್ತು ಅರ್ತ್ ನಡುವೆಯೂ 230: ಫೇಸ್, ನ್ಯೂಟ್ರಲ್ ಅದಲುಬದಲಾಗಿವೆ. ಸಾಮಾನು ಓಡುತ್ತದೆ, ಹಾಗಾಗಿ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಸ್ವಿಚ್ ಆಫ್ ಇದ್ದರೂ ಸಾಕೆಟ್‌ನಲ್ಲಿ ಫೇಸ್ ಇರಬಹುದು. ಆಫ್ ಮಾಡಿ ಇನ್ನೊಮ್ಮೆ ಅಳೆಯಿರಿ.

ಹಂತ 5: ಲೋಡ್ ಹಾಕಿ ಅಳೆಯಿರಿ

ಇದನ್ನು ಹೆಚ್ಚಿನವರು ಮಾಡುವುದಿಲ್ಲ. ಲೂಸ್ ಕನೆಕ್ಷನ್ ಬರೀ ಮೀಟರಿಗೆ ಸಿಗುವುದಿಲ್ಲ. ಕೂದಲೆಳೆಯಷ್ಟು ತಾಮ್ರ ತಗುಲಿಕೊಂಡಿದ್ದರೂ ಮೀಟರ್ 230 ತೋರಿಸುತ್ತದೆ.

ಅದೇ ಬೋರ್ಡ್‌ನ ಒಂದು ಸಾಕೆಟ್‌ಗೆ 1000 ವ್ಯಾಟ್ ಐರನ್ ಬಾಕ್ಸ್ ಹಾಕಿ, ಪಕ್ಕದ ಸಾಕೆಟ್‌ನಲ್ಲಿ ಅಳೆಯಿರಿ. ಐರನ್ ಬಿಸಿಯಾಗುತ್ತಿರುವಾಗ ಮೂರ್ನಾಲ್ಕು ವೋಲ್ಟ್ ಇಳಿದರೆ ಸಹಜ. 15–20 ವೋಲ್ಟ್ ಇಳಿದು, ಬೇರೆ ಎಂಸಿಬಿಯ ಪ್ಲಗ್‌ನಲ್ಲಿ ಅಷ್ಟು ಇಳಿಯದಿದ್ದರೆ ಈ ಲೈನ್‌ನಲ್ಲಿ ಜಾಯಿಂಟ್ ಸಡಿಲ ಇದೆ. ಐರನ್ ಬಾಕ್ಸ್ ಎಳೆಯುವುದು 4 ಆಂಪ್ ಚಿಲ್ಲರೆ. 18 ವೋಲ್ಟ್ ಕಳೆದುಹೋಗುತ್ತಿದೆ ಅಂದರೆ ಸುಮಾರು 70 ವ್ಯಾಟ್ ಶಾಖ ಎಲ್ಲೋ ಒಂದು ಸ್ಕ್ರೂ ಬುಡದಲ್ಲಿ ಹುಟ್ಟುತ್ತಿದೆ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವ್ಯಾಟ್. ಅಂಥ ಮೂರನ್ನು ಕಾಯಿಸಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟ ಹಾಗೆ. ಪರೀಕ್ಷೆ ಒಂದೆರಡು ನಿಮಿಷ ಸಾಕು. ವಾಸನೆ ಬಂದರೆ, ಚರಚರ ಸದ್ದು ಬಂದರೆ ತಕ್ಷಣ ಎಂಸಿಬಿ ಇಳಿಸಿ.

ಹಂತ 6: ಬಿಚ್ಚಿ ನೋಡುವುದು

ಇಲ್ಲಿಯವರೆಗೆ ಬಂದರೆ ಯಾವ ಬೋರ್ಡ್ ಅಂತ ಗೊತ್ತಾಗಿರುತ್ತದೆ. ಧೈರ್ಯ ಇಲ್ಲದಿದ್ದರೆ ಇಲ್ಲೇ ನಿಲ್ಲಿಸಿ, ಅವಮಾನ ಏನಿಲ್ಲ.

ಎಂಸಿಬಿ ಒಂದನ್ನೇ ಅಲ್ಲ, ಮೈನ್ ಸ್ವಿಚ್ಚನ್ನೇ ಆಫ್ ಮಾಡಿ. ಆಮೇಲೆ ಬೆಂಗಳೂರಿನ ಮನೆಗಳ ಅಸಲಿ ಬಲೆ ಇದೆ: ಯುಪಿಎಸ್. ಮೈನ್ ಆಫ್ ಆದ ಕ್ಷಣವೇ ಯುಪಿಎಸ್ "ಕರೆಂಟ್ ಹೋಯ್ತು" ಅಂದುಕೊಂಡು ತನ್ನ ಲೈನಿಗೆ 230 ವೋಲ್ಟ್ ಕೊಡುತ್ತದೆ. ಬಹಳಷ್ಟು ಬೋರ್ಡ್‌ಗಳಲ್ಲಿ ದೀಪ, ಫ್ಯಾನ್ ಯುಪಿಎಸ್‌ನಲ್ಲಿ, ಪ್ಲಗ್ ಮೈನ್‌ನಲ್ಲಿ ಇರುತ್ತದೆ. ಒಂದೇ ಬಾಕ್ಸ್‌ನಲ್ಲಿ ಎರಡೂ. ನಾನೇ ಒಮ್ಮೆ ಮೈನ್ ಇಳಿಸಿದ್ದೇನೆ ಅನ್ನುವ ಧೈರ್ಯದಲ್ಲಿ ಕೈ ಹಾಕಿ ಮೊಣಕೈವರೆಗೆ ಜುಂ ಅನ್ನಿಸಿಕೊಂಡಿದ್ದೇನೆ. ಯುಪಿಎಸ್ಸನ್ನು ಅದರ ಬಟನ್‌ನಲ್ಲಿ ಆಫ್ ಮಾಡಿ, ಅದರ ಲೈನಿಗೆ ಬೇರೆ ಎಂಸಿಬಿ ಇದ್ದರೆ ಅದನ್ನೂ ಇಳಿಸಿ. ಡಿಬಿ ಮೇಲೆ "ಮುಟ್ಟಬೇಡಿ, ಕೆಲಸ ನಡೀತಿದೆ" ಅಂತ ಚೀಟಿ ಅಂಟಿಸಿ. ಮನೆಯಲ್ಲಿ ಯಾರಾದರೂ ವೈಫೈ ಹೋಯ್ತು ಅಂತ ಎತ್ತಿಬಿಡುತ್ತಾರೆ.

ಮೈನ್ ಇಳಿಸುವ ಮುಂಚೆ ಚೆನ್ನಾಗಿರುವ ಪ್ಲಗ್‌ನಲ್ಲಿ ಮೀಟರ್ 230 ತೋರಿಸುತ್ತಿತ್ತು. ಈಗ ಈ ಬೋರ್ಡ್‌ನಲ್ಲಿ ಸೊನ್ನೆ ತೋರಿಸಬೇಕು. ಪ್ಲೇಟ್ ತೆಗೆದ ಮೇಲೆ ಒಳಗಿನ ಪ್ರತಿ ಸ್ಕ್ರೂ ಬುಡದಲ್ಲೂ ಇನ್ನೊಮ್ಮೆ ಅಳೆಯಿರಿ.

ಈಗ ಮುಟ್ಟದೆ ಟಾರ್ಚ್ ಬಿಟ್ಟು ನೋಡಿ, ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಲೂಸ್ ಜಾಯಿಂಟ್ ತನ್ನ ಗುರುತು ತಾನೇ ಬಿಟ್ಟಿರುತ್ತದೆ. ಬಿಳಿ ಪ್ಲಾಸ್ಟಿಕ್ ಒಂದೇ ಮೂಲೆಯಲ್ಲಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಹಂಚಿನ ಮೇಲೆ ಜಾಸ್ತಿ ಹೊತ್ತು ಬಿಟ್ಟ ದೋಸೆ ಅಂಚಿನ ಹಾಗೆ. ಆ ಸ್ಕ್ರೂಗೆ ಬಂದ ವೈರ್‌ನ ಹೊದಿಕೆ ಗಟ್ಟಿಯಾಗಿ ಬಿರಿದಿರುತ್ತದೆ. ತಾಮ್ರ ಕೆಂಪಗಿರದೆ ಕಪ್ಪಾಗಿರುತ್ತದೆ. ಅಂಥ ವೈರನ್ನು ಸ್ಕ್ರೂ ಬಿಗಿ ಮಾಡಿ ಬಿಟ್ಟರೆ ಆರು ತಿಂಗಳಲ್ಲಿ ಮತ್ತೆ ಅದೇ ಕಥೆ. ಸುಟ್ಟ ತುದಿ ಕತ್ತರಿಸಿ ಹೊಸ ತಾಮ್ರ ಬಿಡಿಸಬೇಕು, ಸುಟ್ಟ ಸಾಕೆಟ್ಟನ್ನೂ ಬದಲಾಯಿಸಬೇಕು.

ಒಂದೇ ಸ್ಕ್ರೂಗೆ ಮೂರು ವೈರ್ ತುರುಕಿದ್ದಾರಾ ನೋಡಿ. ಇನ್ಸುಲೇಶನ್ ಟೇಪ್ ಸುತ್ತಿದ ಜಾಯಿಂಟ್ ಇದೆಯಾ ನೋಡಿ, ಅದರ ಅಂಟು ಬಿಟ್ಟಿರುತ್ತದೆ. 16 ಆಂಪ್ ಸಾಕೆಟ್‌ಗೆ ದೀಪದ ತೆಳು ವೈರ್ ಕೊಟ್ಟಿದ್ದಾರಾ ನೋಡಿ. ದೀಪಕ್ಕೆ 1.5 ಚದರ ಮಿ.ಮೀ. ಸಾಕು. ಪವರ್ ಪ್ಲಗ್‌ಗೆ 2.5, ಗೀಸರ್, ಎ.ಸಿ.ಗೆ 4 ಹಾಕುವುದು ರೂಢಿ.

ಯುಪಿಎಸ್ ಹಾಕಿಸಿದ ಮೇಲೆ ಶುರುವಾದ ತೊಂದರೆಯಾದರೆ ಇನ್ನೊಂದು ಅನುಮಾನ ಇಟ್ಟುಕೊಳ್ಳಿ. ಪ್ಲಗ್‌ಗೆ ಫೇಸನ್ನು ಮೈನ್ ಲೈನಿನಿಂದ, ನ್ಯೂಟ್ರಲ್ಲನ್ನು ಯುಪಿಎಸ್ ಲೈನಿನಿಂದ ಕೊಟ್ಟುಬಿಟ್ಟಿರುತ್ತಾರೆ. ಆಗ ಪ್ಲಗ್ ಖಾಲಿ ಇದ್ದಾಗ ಎಲ್ಲ ಸರಿ, ಯಾವ ಸಾಮಾನು ಹಾಕಿದರೂ ಆರ್‌ಸಿಸಿಬಿ ಬೀಳುತ್ತದೆ. ಪಾಪ, ಬೈಸಿಕೊಳ್ಳುವುದು ಐರನ್ ಬಾಕ್ಸ್.

ಹಂತ 7: ಅರ್ತ್

ಫೇಸ್ ಹೋದರೂ ನ್ಯೂಟ್ರಲ್ ಹೋದರೂ ನೀವು ಗಮನಿಸುತ್ತೀರಿ. ಅರ್ತ್ ಹೋದರೆ ಯಾವ ಸಾಮಾನೂ ನಿಲ್ಲುವುದಿಲ್ಲ. ಫ್ರಿಜ್ ಬಾಗಿಲು ಮುಟ್ಟಿದಾಗ ಚುರುಕ್ ಅನ್ನುವವರೆಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಎಲ್ಲ ಮೂರು ಪಿನ್ ಸಾಕೆಟ್‌ಗಳಲ್ಲೂ, ಚೆನ್ನಾಗಿ ಓಡುತ್ತಿರುವವುಗಳಲ್ಲೂ, ಫೇಸ್–ಅರ್ತ್ ಅಳೆದುಬಿಡಿ.

ಆದರೆ 230 ಬಂತು ಅಂತ ಪೂರ್ತಿ ನಂಬಬೇಡಿ. ಕೆಲವರು ಅರ್ತ್ ವೈರ್ ಎಳೆಯುವ ಬದಲು ಸಾಕೆಟ್ ಒಳಗೇ ನ್ಯೂಟ್ರಲ್‌ನಿಂದ ಅರ್ತ್‌ಗೆ ಒಂದು ತುಂಡು ವೈರ್ ಕೊಟ್ಟಿರುತ್ತಾರೆ. ಮೀಟರ್‌ಗೆ ಎಲ್ಲ ಸರಿ ಕಾಣುತ್ತದೆ. ನ್ಯೂಟ್ರಲ್ ಒಂದು ಕಡಿದರೆ ಫ್ರಿಜ್‌ನ ಮೈಯೇ ಫೇಸ್. ಪತ್ತೆ ಹೀಗೆ: ಐರನ್ ಓಡುವಾಗ ನ್ಯೂಟ್ರಲ್–ಅರ್ತ್ ನಡುವೆ ಒಂದೆರಡು ವೋಲ್ಟ್ ಕಾಣಬೇಕು. ಸೊನ್ನೆಯಲ್ಲೇ ಕೂತಿದ್ದರೆ ಆ ಸಾಕೆಟ್ ಬಿಚ್ಚಿಸಿ.

ಹಳೆಯ ಎಲೆಕ್ಟ್ರಿಷಿಯನ್‌ಗಳು ಬಲ್ಬ್ ಹೋಲ್ಡರ್‌ನ ಒಂದು ವೈರ್ ಫೇಸ್‌ಗೆ, ಇನ್ನೊಂದು ಅರ್ತ್‌ಗೆ ಕೊಟ್ಟು ನೋಡುತ್ತಾರೆ. ನೀವು ಮಾಡಬೇಡಿ. ಅರ್ತ್ ಮುಂದೆಲ್ಲೋ ತುಂಡಾಗಿದ್ದರೆ ಆ ಬಲ್ಬ್ ಮೂಲಕ ಹೋದ ಫೇಸ್, ಆ ಅರ್ತ್‌ಗೆ ಸೇರಿದ ವಾಷಿಂಗ್ ಮೆಷಿನ್, ಗೀಸರ್‌ಗಳ ಮೈಗೆಲ್ಲ ಬರುತ್ತದೆ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಬಿತ್ತು, ಹಾಗಾಗಿ ಅರ್ತ್ ಚೆನ್ನಾಗಿದೆ ಅನ್ನುವುದೂ ತಪ್ಪು. ಆ ಬಟನ್ ಆರ್‌ಸಿಸಿಬಿ ಕೆಲಸ ಮಾಡುತ್ತಾ ಅಂತ ಮಾತ್ರ ಹೇಳುತ್ತದೆ. ಅರ್ತೇ ಇಲ್ಲದ ಮನೆಯಲ್ಲೂ ಬೀಳುತ್ತದೆ. ಆದರೂ ತಿಂಗಳಿಗೊಮ್ಮೆ ಒತ್ತಿ ನೋಡಿ.

ಮನೆಯ ಎಲ್ಲ ಸಾಕೆಟ್‌ನಲ್ಲೂ ಅರ್ತ್ ಇಲ್ಲದಿದ್ದರೆ ಹೊರಗೆ ಹೋಗಿ ಅರ್ತ್ ಪಿಟ್, ಅಂದರೆ ಅರ್ತ್ ವೈರನ್ನು ನೆಲಕ್ಕೆ ಸೇರಿಸಿರುವ ಗುಂಡಿ, ಹುಡುಕಿ. ಗೇಟಿನ ಹತ್ತಿರವೋ ಮೀಟರ್ ಕೆಳಗೋ ಇರುತ್ತದೆ. ಕಾರ್ ಪಾರ್ಕಿಂಗ್‌ಗೆ ಟೈಲ್ಸ್ ಹಾಕುವಾಗ ಅದನ್ನು ಮುಚ್ಚಿಬಿಟ್ಟಿರುವ ಮನೆಗಳು ಎಷ್ಟೋ. ಇದ್ದಿಲು, ಉಪ್ಪು ಹಾಕಿ ಮಾಡಿದ ಹಳೆಯ ಪಿಟ್ ಆದರೆ ಬೇಸಿಗೆಯಲ್ಲಿ ಮಣ್ಣು ಒಣಗಿ ಅರ್ತ್ ದುರ್ಬಲವಾಗುತ್ತದೆ. ಆಗಾಗ ಒಂದೆರಡು ಬಕೆಟ್ ನೀರು ಹಾಕಬೇಕು. ನಲ್ಲಿ ಪೈಪ್‌ಗೆ ಅರ್ತ್ ಕಟ್ಟಿರುವುದು ಕಂಡರೆ ಬಿಚ್ಚಿಸಿ ಸರಿಯಾದ ಅರ್ತ್ ಮಾಡಿಸಿ. ಈಗಿನ ಪೈಪ್ ಪ್ಲಾಸ್ಟಿಕ್.

ಎಲೆಕ್ಟ್ರಿಷಿಯನ್ ಬಂದಾಗ

"ಪ್ಲಗ್ ಕೆಟ್ಟಿದೆ ಅಣ್ಣ, ನೋಡಿ" ಅಂದರೆ ಅವರು ಸಾಕೆಟ್ ಬದಲಾಯಿಸಿ ಹೋಗುತ್ತಾರೆ. ಅವರ ತಪ್ಪೇನಿಲ್ಲ. ನಿಮ್ಮ ಕಾಗದ ಕೊಡಿ. ಅದರಲ್ಲಿ ಇಷ್ಟಿರಲಿ: "3ನೇ ಎಂಸಿಬಿ. ಹಾಲ್‌ನ ಎರಡು ಪ್ಲಗ್ ಸರಿ, ಅಡುಗೆಮನೆಯ ಎರಡು ಇಲ್ಲ. ಅಡುಗೆಮನೆಯಲ್ಲಿ ಫೇಸ್–ನ್ಯೂಟ್ರಲ್ ಇಲ್ಲ, ಫೇಸ್–ಅರ್ತ್ 228. ಯುಪಿಎಸ್ ಇದೆ." ಇದನ್ನು ಓದಿದವರು ನೇರ ಹಾಲ್‌ನ ಎರಡನೇ ಬೋರ್ಡ್‌ಗೆ ಹೋಗಿ ಕಪ್ಪು ವೈರ್ ಹುಡುಕುತ್ತಾರೆ.

ಗೋಡೆಯೊಳಗೆ ಸೋರಿಕೆ ಅನ್ನುವ ಅನುಮಾನ ಇದ್ದರೆ ಮೆಗ್ಗರ್ ತನ್ನಿ ಅಂತ ಮೊದಲೇ ಹೇಳಿ. ಮೆಗ್ಗರ್ ಅಂದರೆ 500 ವೋಲ್ಟ್ ಕೊಟ್ಟು ವೈರ್‌ನ ಹೊದಿಕೆ ಗಟ್ಟಿ ಇದೆಯಾ ಅಂತ ಅಳೆಯುವ ಯಂತ್ರ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ವೈರ್ ಬದಲಾಯಿಸಬೇಕು. ಅಳೆಯುವ ಮೊದಲು ಟಿವಿ, ಯುಪಿಎಸ್, ಎಲ್‌ಇಡಿ ಬಲ್ಬ್ ಎಲ್ಲ ಬಿಡಿಸಿರಬೇಕು, ಇಲ್ಲದಿದ್ದರೆ ಆ 500 ವೋಲ್ಟ್‌ಗೆ ಅವೇ ಸುಟ್ಟಾವು.

ಕೆಲಸ ಮುಗಿದ ಮೇಲೆ ಅವರು ಹೊರಡುವ ಮುಂಚೆ ಅದೇ ಮೂರು ಅಳತೆ, ಅದೇ ಐರನ್ ಬಾಕ್ಸ್ ಪರೀಕ್ಷೆ ಅವರ ಎದುರಿಗೇ ಮಾಡಿ. ಯಾವ ಎಂಸಿಬಿಗೆ ಯಾವ ಪ್ಲಗ್ ಅಂತ ಬರೆದ ಕಾಗದವನ್ನು ಬಿಸಾಡಬೇಡಿ, ಡಿಬಿ ಬಾಗಿಲಿನ ಒಳಮೈಗೆ ಅಂಟಿಸಿಡಿ.